ಮೂರು ಗಂಟೆಯ ಎಚ್ಚರ

ಹನ್ನೊಂದು ಚಳಿಗಾಲ
ರಾತ್ರಿ ಮೂರಕ್ಕೆ ಎದ್ದಿದ್ದೇನೆ.
ಗಡಿಯಾರ ಬೇಕಿರಲಿಲ್ಲ, ಮೂಗಿನ ತುದಿಯೇ ಎಬ್ಬಿಸುತ್ತಿತ್ತು.
ಒಲೆಯ ಬಾಯಿ ತೆರೆದು ಬೂದಿ ಕೆದಕಿ
ಒಂದು ಕೆಂಡ ಕಣ್ಣು ಬಿಟ್ಟರೆ ಸಾಕು,
ಅದನ್ನೇ ಊದಿ ಊದಿ ಬೆಳಗು ಮಾಡುವುದು.

ಉಲಾನ್‌ಬಾತರ್ ಕೆಳಗೆ, ಹೊಗೆಯ ತಳದಲ್ಲಿ ಎಲ್ಲೋ.
ನಮ್ಮದು ಗುಡ್ಡ.
ಬಿಸಿನೀರಿನ ಕೊಳವೆ ಗುಡ್ಡ ಹತ್ತುವುದಿಲ್ಲ;
ಹತ್ತುವುದು ನೀರಿನ ಡಬ್ಬಿ, ಕಲ್ಲಿದ್ದಲ ಚೀಲ,
ಪೇಟೆಯ ಬಾಡಿಗೆ ಕಟ್ಟಲಾಗದ ನಾವು.
ಮಗಳಿಗೆ ತ್ಸೆಲ್ಮೆಗ್ ಎಂದು ಹೆಸರಿಟ್ಟೆವು,
ತಿಳಿ ಆಕಾಶ ಅಂತ ಅರ್ಥ.
ಜನವರಿಯಲ್ಲಿ ಅವಳು ಕೆಮ್ಮಿದರೆ
ದುಂಡು ಗುಡಾರವೇ ಕೆಮ್ಮಿದ ಹಾಗೆ.

ಮೇ ತಿಂಗಳಿಗೆ ಮಣ್ಣು ಹೆಪ್ಪು ಬಿಟ್ಟಿತು.
ಬಡಗಿ ಗೊಂಚಿಗ್ ಬಂದ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು.
ಇಪ್ಪತ್ತೆಂಟು ಚದರ ಮೀಟರು. ಏಳು ವರ್ಷದ ಕಂತು.
ಖಾತರಿಗೆ ಏನಿದೆ, ಬ್ಯಾಂಕಿನ ಹುಡುಗಿ ಕೇಳಿದಳು.
ಹೊಲಿಗೆ ಯಂತ್ರ ಇದೆ ಅಂದೆ.
ಎರಡು ಕೈ ಇವೆ ಅನ್ನಲಿಲ್ಲ,
ಅವನ್ನು ಬರೆಯಲು ಆ ಕಾಗದದಲ್ಲಿ ಜಾಗವಿರಲಿಲ್ಲ.

'ಗಾಳಿಯನ್ನು ಅಲ್ಲಾಡದಂತೆ ಕೂರಿಸಬೇಕಕ್ಕ, ಅಷ್ಟೇ ವಿದ್ಯೆ'
ಎಂದ ಗೊಂಚಿಗ್. ಕೂರಿಸಲು ಉಣ್ಣೆ ತಂದ,
ಯಾವ ವ್ಯಾಪಾರಿಯೂ ಮುಟ್ಟದ ಒರಟು ಉಣ್ಣೆ,
ಹಿಕ್ಕೆ ಅಂಟಿದ್ದು, ಮುಳ್ಳು ಸಿಕ್ಕಿದ್ದು.
ತೊಳೆದೆವು, ಹಿಂಜಿದೆವು, ಹಲಗೆಗಳ ನಡುವೆ ತುರುಕಿದೆವು,
ನಾನು, ಪಕ್ಕದ ಬೇಲಿಯ ಸೋಲೊಂಗೊ, ಅವಳ ಗಂಡ,
ಸ್ಕೂಲು ಬಿಟ್ಟ ಮೇಲೆ ಮಗಳು.
ಗೋಡೆಗೆ ಮೂವತ್ತು ಕುರಿ ಅಂತ ಅವಳ ಲೆಕ್ಕ.
'ರಾತ್ರಿ ಬ್ಯಾ ಅಂದರೆ?'
ಗೊಂಚಿಗ್ ಮೇಣದ ಬತ್ತಿ ಹಿಡಿದು
ಬಾಗಿಲ ಸಂದು, ಕಿಟಕಿ ಸಂದು, ಮೊಳೆಯ ತೂತು ತಡಕಿದ.
ಜ್ವಾಲೆ ಬಾಗಿದಲ್ಲಿ ಬೆರಳಿಟ್ಟು
'ನೋಡಿ, ಇಲ್ಲಿ ನಿಮ್ಮ ದುಡ್ಡು ಸೋರುತ್ತಿದೆ.'

ಅತ್ತೆ ದೋಲ್ಗೋರ್ ಹೊಸ್ತಿಲಾಚೆಯೇ ನಿಂತು ಇಣುಕಿದರು.
ಎಂಬತ್ತು ವರ್ಷ ದುಂಡಗೆ ಬದುಕಿದವರು.
'ಈ ಮೂಲೆಗಳಲ್ಲಿ ಏನಿಡುತ್ತಾರೆ?'
ಏನಾದರೂ, ಅಂದೆ.
'ನನ್ನನ್ನು ಇಡಬೇಡ. ಮೂಲೆಗುಂಪಾಗಲು ಹುಟ್ಟಿದವಳಲ್ಲ.'
ನೆತ್ತಿಯ ಮೇಲೆ ಆಕಾಶದ ಕಿಂಡಿ ಇಲ್ಲದೆ
ಹೊತ್ತು ಹೇಗೆ ತಿಳಿಯುವುದು ಎಂದರು.
ಗೊಂಚಿಗ್ ವಾದಕ್ಕಿಳಿಯದೆ
ದಕ್ಷಿಣದ ಕಿಟಕಿಯನ್ನು ಮೂರು ಗೇಣು ಅಗಲಿಸಿದ. ಅದಕ್ಕೆ ದುಡ್ಡು ಕೇಳಲಿಲ್ಲ.
ಈಗ ಅಲ್ಲೇ ಅವರ ಬೈಠಕ್ಕು.
ನೆಲದ ಮೇಲೆ ಬಿಸಿಲು ನಡೆಯುವುದನ್ನು ನೋಡಿ
'ಹನ್ನೊಂದಾಯಿತು' ಎನ್ನುತ್ತಾರೆ.
ಹನ್ನೊಂದೂಕಾಲು ಆಗಿರುತ್ತದೆ.

ನಿನ್ನೆ ಹೊರಗೆ ಸೊನ್ನೆಗಿಂತ ಮೂವತ್ತನಾಲ್ಕು ಕೆಳಗೆ.
ಮೂರಕ್ಕೆ ಎಚ್ಚರವಾಯಿತು. ಮೂಗು ಎಬ್ಬಿಸಲಿಲ್ಲ,
ಬರಿಯ ಅಭ್ಯಾಸ.
ಒಲೆ ಮುಟ್ಟಿದೆ: ಸಂಜೆಯ ಬಿಸಿ ಇನ್ನೂ ಇತ್ತು.
ಗೋಡೆ ಮುಟ್ಟಿದೆ: ಕುರಿಗಳು ಮಲಗಿದ್ದವು.
ತ್ಸೆಲ್ಮೆಗ್ ಹೊದಿಕೆ ಒದ್ದು
ಒಂದು ಕಾಲು ಹೊರಗೆ ಚಾಚಿದ್ದಳು, ಕಾಲುಚೀಲವಿಲ್ಲದ್ದು.
ಚಳಿಗಾಲದ ರಾತ್ರಿ ನಾನು ಎಂದೂ ನೋಡಿರದ ಪಾದ.
ಹೆಬ್ಬೆರಳ ಪಕ್ಕ ಒಂದು ಮಚ್ಚೆ ಇದೆ,
ಮರೆತೇ ಹೋಗಿತ್ತು.

ಏನು ಮಾಡಲಿ ಈ ಹೊತ್ತನ್ನು?
ಹನ್ನೊಂದು ವರ್ಷ ಒಲೆಗೇ ಹಾಕುತ್ತ ಬಂದದ್ದು.
ಬೂದಿ ಹಿಡಿದು ಹಿಡಿದು ರೂಢಿಯಾದ ಕೈಗಳನ್ನು
ತೊಡೆಯ ಮೇಲಿಟ್ಟು ಕೂತೆ.

ಕಿಟಕಿಯಾಚೆ ಗುಡ್ಡದ ತುಂಬ
ಒಂದೊಂದೇ ಚಿಮಣಿಯಲ್ಲಿ ಕಿಡಿ ಎದ್ದಿತು.
ಸೋಲೊಂಗೊ ಎದ್ದಳು.
ಅದರಾಚೆ ಲಾರಿ ಡ್ರೈವರನ ಹೆಂಡತಿ.
ಅವಳಾಚೆ, ಹೆಸರು ಗೊತ್ತಿಲ್ಲ, ಬಾಣಂತಿ.

ಬೆಳಿಗ್ಗೆ ಸೋಲೊಂಗೊ ಹತ್ತಿರ ಹೋಗಬೇಕು.
ಉಣ್ಣೆ ಎರಡು ಚೀಲ ಉಳಿದಿದೆ.
ಗೊಂಚಿಗ್‌ನ ಪೆನ್ಸಿಲೂ ಇಲ್ಲೇ ಬಿದ್ದಿದೆ.