ಎಂಟು ಕಡ್ಡಿ

ಛತ್ರಿಗೆ ಎಂಟು ಕಡ್ಡಿ,
ಏಡಿಗೆ ಎಂಟು ಕಾಲು.
ಗಿರಗಾಂವದ ಈ ಮೂಲ್ಯಾಗ ಕುಂತು
ನಾಲ್ವತ್ತೊಂದು ಮಳಿಗಾಲ ಹೊಲದ್ರೂ
ಈ ಲೆಕ್ಕ ನನಗ ಹೊಳದಿರಲಿಲ್ಲ.

ಹೇಳಿದಾಕಿ ಹೇಮಲ ತಾಂಡೇಲ್.
ವರಳಿ ಕೋಳಿವಾಡಾದಾಕಿ. ಅವ್ವ ಇನ್ನೂ
ಬುಟ್ಟಿ ಹೊತ್ತು ಮೀನ ಮಾರತಾಳ,
ಮಗಳು ಮೂರ್ತಿ ಮಾಡಾಕಿ, ದೇವರದಲ್ಲ.
‘ಏಳು ವರ್ಷ ಕಲ್ಲು ಕಡದೆ, ಮಾಮಾ.
ಕಲ್ಲು ನಿಂತಲ್ಲೇ ನಿಲ್ತೈತಿ, ಜನ
ಕೈ ಹಿಂದ ಕಟ್ಟಿ ಒಂದು ಸುತ್ತ ಹಾಕಿ ಹೋಗ್ತಾರ.
ಉಟಗೊಂಡು ಓಡಾಡೊ ಮೂರ್ತಿ ಬೇಕು ನನಗ,
ಬೆವರೊ ಮೂರ್ತಿ’
ಅಂದಾಕಿನ ನನ್ನ ಮುರಕ ಕಡ್ಡಿ ಡಬ್ಬಿ
ಪೂರಾ ಓಢಣಿಗೆ ಸುರಕೊಂಡ್ಲು.
ರೊಕ್ಕ ಕೊಟ್ಲು, ಖರೆ. ನಾ ಎಣಿಸಲಿಲ್ಲ.
ಎಣಿಸಬೇಕಿತ್ತು.

ಸೈಕಲ್ಲಿನ ಮಡ್‌ಗಾರ್ಡು ಎರಡು ಕೊಂಡಿ ಆದುವು,
ಬ್ರೇಕ್ ಹಿಚುಕಿದ್ರ ಬಾಯಿ ತಗೀತಾವ.
ಸ್ಪ್ರಿಂಗಿನ ತುದಿಗೆ ಚೆಂಡು, ಅವು ಕಣ್ಣು.
ಬೆನ್ನಿಗೆ ಕರೀ ಬಟ್ಟಿ, ಹತ್ತೊಂಬತ್ತು ತುಂಡು,
ನಡುವ ಒಂದಽ ಒಂದು ಹೂವಿಂದು:
ಯಾವಾಕಿಯೋ ‘ನಾಳಿಗೆ ಒಯ್ತೀನಿ’ ಅಂದು
ಹನ್ನೆರಡು ವರ್ಷ ಬರದ ಛತ್ರಿ.
ನಾನಽ ಕೊಟ್ಟೆ. ಹೊಲಿಗಿನೂ ನಂದಽ.

ತೊಡೊ ಹುಡುಗ ಒಂಬತ್ತು ದಿನ ತಾಲೀಮು ಮಾಡಿ
ಸೀರಿಯಲ್ಲಿನಾಗ ಹೆಣದ ಪಾರ್ಟು ಸಿಕ್ಕು
ಓಡಿಹೋದ.

ಅವತ್ತು ಸಂಜೀಕ ಪೆಟಿಗಿ ಕೀಲಿ ಹಾಕಿ
ಸ್ಟೇಷನ್ ಪೂಲಿನ ಮೆಟ್ಟಲ ಇಳೀಲಿಕ್ಹತ್ತಿದ್ದೆ.
ನನ್ನ ಎಡ ಮಣಕಾಲು ಮಡಚೂದಿಲ್ಲ.
ಇಳಿಯೂದು ಅಂದ್ರ ಅಡ್ಡಡ್ಡ,
ಕಟಾಂಜನ ಹಿಡದು, ಒಂದು, ಮತ್ತೊಂದು,
ಹಿಂದಿನವರ ಬೈಗಳಾ ಹೊತಗೊಂಡು.
ಮ್ಯಾಲಿಂದ ಚೀರಿದ್ಲು:
‘ಮಾಮಾ, ನಿಂದ್ರು! ಏರು!
ಮತ್ತೊಮ್ಮೆ ಇಳಿ!’

ಆಪರೇಶನ್ ಮಾಡಸು ಅಂದ ಡಾಕ್ಟರ್ ನೋಡ್ಯಾನ,
ಮಗಳು ನೋಡಿ ಅತ್ತಾಳ.
ಈ ಕಾಲು ನೋಡಿ ಚಪ್ಪಾಳಿ ಹೊಡದಾಕಿ ಇವಳೊಬ್ಬಾಕಿ.

ಚರ್ಚಗೇಟ್, ಸಂಜಿ ಆರು.
ಊರೆಲ್ಲಾ ನೆಟ್ಟಗ, ನಾ ಒಬ್ಬನಽ ಅಡ್ಡ.
ದಿನಾ ‘ಏ ಬುಢ್ಢಾ, ಬಾಜೂ’ ಅನ್ನೊ ಊರು
ತಾನಽ ಬಾಜೂ ಸರೀತು.
ಒಬ್ಬ ಟೈ ಕಟ್ಟಿದಾಂವ ನನ್ನ ಕೂಡ
ನಾಲ್ಕು ಹೆಜ್ಜಿ ಅಡ್ಡ ನಡದು,
ನಾಚಿ, ಲೋಕಲ್ ಹಿಡದ.
ಹವಾಲ್ದಾರ ಬಂದ: ‘ಪರವಾನಿಗಿ?’
ಕಾಗದ ಬಲಗೊಂಡಿ ಕಚ್ಚಿತ್ತು.
ಅಂವ ಎಳದ, ಬ್ರೇಕ್ ಸಿಕ್ಕಿ ಬಿತ್ತು,
ನಾ ಎಳದೆ, ಅಂವ ಎಳದ,
ಮಂದಿ ‘ಹೋ’ ಅಂದ್ರು. ಅಂವನೂ ನಕ್ಕು,
ನಕ್ಕದ್ದಕ್ಕ ಕೆಮ್ಮಿ,
ಮೀಸಿ ಸರಿ ಮಾಡಕೊಂಡ.
ಒಳಗ ನಾ ಬೆವತಿದ್ದೆ,
ಗದಗಿನ ಬಿಸಲಾಗ ಬೆವತಂಗ.

ಜೂನ್ ಎಂಟಕ್ಕ ಮಳಿ ಬಂತು.
ರಾತ್ರಿ ಪಾಳಿಗೆ ಹೊಂಟ ನರ್ಸಬಾಯಿ
ಉಲ್ಟಾ ಆದ ಛತ್ರಿ ಮುಂದ ಹಿಡದ್ಲು. ಒಂದು ಕಡ್ಡಿ ಸಾಕು.
ಡಬ್ಬಿ ಖಾಲಿ.
ತಲಿ ಮ್ಯಾಲ ಮಳಿಗಿ ಏಡಿ ತೂಗಬಿದ್ದಿತ್ತು.
ಎಡಗಡಿ ಮೂರನೇ ಕಾಲು ಬಿಚ್ಚಿದೆ.

ಹೇಮಲ ಬಂದು ಎಣಿಸಿದ್ಲು,
ಮತ್ತೊಮ್ಮೆ ಎಣಿಸಿದ್ಲು. ಮಾತಿಲ್ಲ.
ಜೋಡಿ ಬಂದ ಅವ್ವ ಬುಟ್ಟಿ ಇಳಿಸಿ ಅಂದ್ಲು:
‘ಏಡೀ ಕಾಲು ಮುರದ್ರ ಹೊಸಾದು ಬರ್ತೈತಿ,
ಇಷ್ಟೂ ತಿಳೀವಲ್ದ ನಿನಗ?’

ಇನ್ನೂ ಬಂದಿಲ್ಲ.
ಶನಿವಾರ ಮತ್ತ ಆಟ ಐತಿ,
ಏಳಽ ಕಾಲಿಲೆ.