ತುಳುಕುವ ಕೊಂಬು

ಕೊಂಬಿಗೆ ತಳವಿಲ್ಲ, ಕೆಳಗಿಡುವಂತಿಲ್ಲ.
ಕೈಗೆ ಬಂತೆಂದರೆ ಮುಗಿಯಿತು:
ಮಾತಾಡಬೇಕು, ಆಮೇಲೆ ಕುಡಿಯಬೇಕು,
ಅಲ್ಲಿಯತನಕ ಹಿಡಿದೇ ನಿಂತಿರಬೇಕು.
ರಾಚಾ ಕಣಿವೆಯಲ್ಲಿ ಇದು ಎಳೆಮಕ್ಕಳಿಗೂ ಗೊತ್ತು.

ಅಣ್ಣನ ಮಗಳು ಮರೇಖಿಯ ಮದುವೆ.
ಇನ್ನೂರು ಜನಕ್ಕೆ ಒಂದೇ ಉದ್ದ ಮೇಜು,
ಮೇಜಿನ ತುದಿಯಲ್ಲಿ ನಾನು,
ಅಂಬ್ರೊಲೌರಿಯ ಬಸ್‌ಸ್ಟ್ಯಾಂಡಿನ ಪಕ್ಕ
ಗಡಿಯಾರ ರಿಪೇರಿ ಮಾಡುವವನು;
ಗಿರಾಕಿಯ ಮುಖ ನೋಡದೆ
"ಗುರುವಾರ ಬನ್ನಿ" ಎಂದಷ್ಟೇ ಹೇಳಿ
ಮೂವತ್ತು ವರ್ಷ ದಾಟಿಸಿದವನು.

ಕೂದಲೆಳೆಯಂಥ ಸ್ಪ್ರಿಂಗನ್ನು
ಚಿಮುಟದಲ್ಲಿ ಎತ್ತಿ ಕೂರಿಸುವ ಕೈ ಇದು.
ಈಗ ನೋಡಿದರೆ
ಬೇರೆ ಯಾರದೋ ಕೈಯನ್ನು ತಂದು
ನನ್ನ ತೋಳಿಗೆ ಹೊಲಿದ ಹಾಗಿದೆ.
ಮೊಣಕಾಲುಗಳು ತಮ್ಮತಮ್ಮಲ್ಲೇ
ಏನೋ ಗುಸುಗುಸು ನಡೆಸಿವೆ.

ಈ ಜಾಗ ಅಣ್ಣನದು.
ತಮದಾ ಎಂದರೆ, ಔತಣದ ಮಾತಿನ ಯಜಮಾನ ಎಂದರೆ,
ಏಳೂರಿಗೂ ವರ್ಲಾಮನೇ.
ಮಾಗಿಯಲ್ಲಿ ಲಕ್ವ ಹೊಡೆದು
ಬಾಯಿಯ ಎಡಗಡೆ ಬೀಗ ಬಿತ್ತು.
ಮಗಳ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾನೆ,
ಅದೇ ಉಣ್ಣೆಯ ಟೊಪ್ಪಿಗೆ,
ಮಡಿಲಲ್ಲಿ ಮಲಗಿದ ಒಂದು ಕೈ.

ಬೆಳಿಗ್ಗೆ ಅಡುಗೆಮನೆಯಲ್ಲಿ
ವಾಲ್ನಟ್ ಅರೆಯುತ್ತಿದ್ದ ಅತ್ತಿಗೆಗೆ ಹೇಳಿದೆ,
"ತ್ಸಿಯಾಲಾ, ಬೇರೆಯವರನ್ನು ನೋಡು,
ನನಗೆ ಆಗಲೇ ಹೊಟ್ಟೆ ತೊಳೆಸುತ್ತಿದೆ."

ಅವಳು ಕಲ್ಲು ನಿಲ್ಲಿಸಲಿಲ್ಲ.
"ನಿಮ್ಮಣ್ಣ ಪ್ರತಿ ಮದುವೆಗೂ ಮುಂಚೆ
ಉಗ್ರಾಣದ ಹಿಂದೆ ಹೋಗಿ ವಾಂತಿ ಮಾಡ್ತಿದ್ದ.
ಬಕೆಟ್ಟು ನಾನೇ ತೊಳೀತಿದ್ದೆ.

ಮಾತಿಗೆ ಮೊದಲು ಮೇಜು ಗುದ್ದುತ್ತಿದ್ದನಲ್ಲ,
ಅದು ಬೆರಳಿನ ನಡುಕ ಸಾಯಲಿ ಅಂತ.
ಆಷಾಢದ ಬಿಸಿಲಲ್ಲೂ ಟೊಪ್ಪಿಗೆ ಯಾಕೆ?
ಕಿವಿ ದಾಳಿಂಬೆ ಹೂವಿನ ಹಾಗೆ ಕೆಂಪಾಗೋದು.
ನಡುನಡುವೆ ಆ ಉದ್ದನೆಯ ಮೌನ ಇತ್ತಲ್ಲ,
ನೀವೆಲ್ಲ ಕಣ್ಣೊರೆಸಿಕೊಳ್ತಿದ್ದಿರಿ,
ಅವನು ಅಂಗುಳಕ್ಕೆ ಅಂಟಿದ ನಾಲಿಗೆ ಬಿಡಿಸಿಕೊಳ್ತಿದ್ದ."

ನಾನು ಒಂದು ಕಾಯಿ ಒಡೆದೆ. ಒಳಗೆ ಹುಳುಕು.
ಈ ಕಣಿವೆಯ ಹುಡುಗರೆಲ್ಲ ಕನ್ನಡಿಯ ಮುಂದೆ ನಿಂತು
ಆ ಗುದ್ದು, ಆ ಟೊಪ್ಪಿಗೆ, ಆ ಮೌನ
ಕಲಿತವರು. ನಾನೂ.
ಅಷ್ಟು ವರ್ಷ ನಾವು ಕಲಿತದ್ದು
ಒಬ್ಬ ಮನುಷ್ಯ ಅಡಗಿಕೊಳ್ಳುವ ರೀತಿ.

"ಬೂಟಿನೊಳಗೆ ಕಾಲ್ಬೆರಳು ಬಿಗಿಯಾಗಿ ಮಡಚು,
ಯಾರಿಗೂ ಕಾಣೋದಿಲ್ಲ," ಎಂದಳು.
"ಉಸಿರು ಬಿಡೋದನ್ನು ಮಾತ್ರ ನೆನಪಿಟ್ಟುಕೋ,
ಎಳೆದುಕೊಳ್ಳೋದು ತಾನಾಗೇ ಆಗುತ್ತೆ.
ಕೊಂಬು ಅರ್ಧ ತುಂಬಿಸು ಅಂತ
ಆ ಹುಡುಗನಿಗೆ ಹೇಳಿದ್ದೀನಿ."

ಹುಡುಗ ಮರೆತ.
ಇಲ್ಲವೇ ಪ್ರೀತಿ ಹೆಚ್ಚಾಯಿತೋ,
ಕಂಠದವರೆಗೂ ತುಂಬಿಸಿ ತಂದ.

ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ.
ಎಂದವರು ಅದನ್ನು
ನನ್ನ ಕೈಗೆ ಕೊಟ್ಟು ನೋಡಿಲ್ಲ.

ಮೊದಲ ಮೂರು ಮಾತು ಸಣ್ಣ ಲೋಟದಲ್ಲಿ
ಹೇಗೋ ದಾಟಿದ್ದವು.
ಇದು ನಾಲ್ಕನೆಯದು, ತೀರಿಹೋದವರ ಹೆಸರಿನದು.
ಕಾಲ್ಬೆರಳು ಮಡಚಿದೆ. ಉಸಿರು ಬಿಟ್ಟೆ.
ಬಾಯಿ ತೆರೆದೆ,
ಒಳಗೆ ಒಣಗಿದ ಅಗಸೆ ಬಾಗಿಲು.
ಅಪ್ಪನ ಹೆಸರೇ ಮರೆತುಹೋಯಿತು.
ಇನ್ನೂರು ಮುಖ, ಒಂದು ಫೋರ್ಕಿನ ಸದ್ದೂ ಇಲ್ಲ.

ಆಗ ಕೈ, ಆ ಹೊಲಿದ ಕೈ,
ತನ್ನ ಪಾಡಿಗೆ ತಾನು ಅಲುಗಿತು.
ಕೆಂಪು ವೈನು ಅಂಚು ಮೀರಿ
ಮುಂದಿದ್ದ ರೊಟ್ಟಿಯ ಮೇಲೆ
ಒಂದು ಗುಟುಕಿನಷ್ಟು ಚೆಲ್ಲಿತು.

ಸತ್ತವರ ಪಾಲು ರೊಟ್ಟಿಗೆ ಹನಿಸುವುದು
ನಮ್ಮಲ್ಲಿ ರೂಢಿ; ನನಗೆ ಆ ಗಳಿಗೆಯಲ್ಲಿ
ಅದರ ನೆನಪಿರಲಿಲ್ಲ, ಆಣೆ.
ಒಬ್ಬ ಮುದುಕ ಎದ್ದ. ತನ್ನ ಲೋಟ ಬಾಗಿಸಿದ.
ಪಕ್ಕದವಳು ಬಾಗಿಸಿದಳು. ಆಮೇಲೆ ಸಾಲುಸಾಲಾಗಿ
ಇನ್ನೂರು ಲೋಟ, ಇನ್ನೂರು ತುಣುಕು ರೊಟ್ಟಿ
ನೆನೆಯುತ್ತಾ ಹೋದವು.

ಅಣ್ಣ ಒಬ್ಬನೇ ರೊಟ್ಟಿ ನೋಡುತ್ತಿರಲಿಲ್ಲ,
ನನ್ನ ಮಣಿಕಟ್ಟು ನೋಡುತ್ತಿದ್ದ.
ಬಾಯಿಯ ಬಲಗಡೆ ನಕ್ಕ.
ಆಡುವ ಕೈಯನ್ನು ಮುಷ್ಟಿ ಮಾಡಿ
ಮೇಜಿಗೆ ಒಂದು ಗುದ್ದು ಹಾಕಿದ.

ಕೊಂಬಿನಲ್ಲಿ ಈಗ ಅರ್ಧವೇ ಉಳಿದಿತ್ತು.
"ನಮ್ಮಪ್ಪ ಜೊಂಡೋ," ಎಂದು ಶುರುಮಾಡಿದೆ.