ಎಷ್ಟು ನಿಮಿಷ ಮರೆಯಬಹುದು

ಊರೆಲ್ಲ ಮಲಗಿದ ಮೇಲೆ ಬ್ಯಾಕಪ್ ತೆಗೆಯಿರಿ
ಎನ್ನುತ್ತದೆ ಕೈಪಿಡಿ.
ಬರೆದವರು ಕ್ಲಾಕ್ಸ್‌ವೀಕಿಗೆ ಬಂದವರಲ್ಲ.
ಇಲ್ಲಿ ದೋಣಿಗಳು ದಕ್ಕೆಗೆ ತಾಗುವುದೇ ನಡುರಾತ್ರಿಗೆ,
ಎರಡಕ್ಕೆ ತೂಕ, ಐದಕ್ಕೆ ಹರಾಜು,
ಕಾಡ್ ಮೀನಿನ ಪೆಟ್ಟಿಗೆ ಪೆಟ್ಟಿಗೆಗೂ ಒಂದು ಸಾಲು:
ದೋಣಿ, ತೂಕ, ಬೆಲೆ, ಕೊಂಡವನ ಹೆಸರು.
ನಮ್ಮ ಡೇಟಾಬೇಸಿಗೆ ಕಣ್ಣು ಹತ್ತುವುದು
ಮಧ್ಯಾಹ್ನ ಎರಡೂವರೆಗೆ,
ನೆಲ ತೊಳೆದ ಪೈಪು ಸುರುಳಿ ಸುತ್ತಿಕೊಂಡು
ಗೋಡೆಗೆ ನೇತುಬಿದ್ದ ಹೊತ್ತಿಗೆ.

ಮೊದಲ ವಾರವೇ ಯಜಮಾನ ಟ್ರೋಂಡುರನನ್ನು ಕೇಳಿದೆ,
"ಎಷ್ಟು ಕಳಕೊಳ್ಳಬಹುದು?"
"ಏನೂ ಕಳಕೊಳ್ಳಬಾರದು, ರನ್‌ವಾ."
ಎಲ್ಲ ಯಜಮಾನರೂ ಹೇಳುವುದು ಇದನ್ನೇ,
ಬೆಲೆಚೀಟಿ ನೋಡುವ ತನಕ.
ಚೀಟಿ ಮೇಜಿನ ಮೇಲಿಟ್ಟೆ.
ಕನ್ನಡಕ ಹಾಕಿದ, ತೆಗೆದ, ಒರೆಸಿದ, ಮತ್ತೆ ಹಾಕಿದ.
"ಒಂದು ದಿನ?" ಅಂದ.
ಒಂದು ದಿನವೆಂದರೆ ಹನ್ನೊಂದು ದೋಣಿ,
ಉಪ್ಪುನೀರಿಗೆ ಕೈ ಬಿರಿದ ಎಪ್ಪತ್ತು ಜನರ ಪಾಲು.
"ಹೋಗಲಿ, ಒಂದು ತಾಸು?"
ಒಂದು ತಾಸಿಗೆ ಸಾವಿರ ಪೆಟ್ಟಿಗೆ ಕೈ ಬದಲಾಗುತ್ತವೆ,
ಯಾರದು ಯಾರಿಗೆ ಹೋಯಿತೆಂದು
ಆಮೇಲೆ ಮೀನನ್ನೇ ಕೇಳಬೇಕು.
ಅಳೆದೂ ಸುರಿದೂ ಹತ್ತು ನಿಮಿಷಕ್ಕೆ ಬಂದು ನಿಂತೆವು.
ಹತ್ತು ನಿಮಿಷದ ಮರೆವಿಗೆ
ಇಬ್ಬರೂ ಸಹಿ ಹಾಕಿದೆವು.

ಹಾಗಾಗಿ
ಭಾನುವಾರ ಇಡೀ ಪ್ರತಿ, ಬುಡದಿಂದ ತುದಿಯವರೆಗೆ.
ದಿನಾ ಮಧ್ಯಾಹ್ನ, ಭಾನುವಾರದಿಂದೀಚೆ ಬದಲಾದದ್ದಷ್ಟೇ.
ಹತ್ತು ನಿಮಿಷಕ್ಕೊಮ್ಮೆ ಲಾಗ್,
ಹೆಣಿಗೆಗೆ ಕೂತವಳು ತುಟಿ ಅಲ್ಲಾಡಿಸದೆ
ಮನೆ ಎಣಿಸಿದ ಹಾಗೆ.
ಒಂದು ಪ್ರತಿ ಇಲ್ಲೇ, ಮಂಜುಗಡ್ಡೆ ಕೋಣೆಯ ಮೇಲಟ್ಟದಲ್ಲಿ.
ಒಂದು ತಂತಿ ಹಿಡಿದು ಟೋರ್ಸ್‌ಹಾವ್ನಿಗೆ.
ಮೂರನೆಯದು ಟೇಪು. ಅದು ಶುಕ್ರವಾರ
ಎಯ್ದುನನ ಬ್ರೆಡ್ಡಿನ ವ್ಯಾನ್ ಹತ್ತಿ
ಕಡಲಡಿಯ ಸುರಂಗ ದಾಟಿ
ಲೀರ್ವೀಕಿನ ಬ್ಯಾಂಕಿನ ಕಪಾಟು ಸೇರುತ್ತದೆ.
ಕಾಣದ ಕಳ್ಳ ಒಳಹೊಕ್ಕು ಎಲ್ಲಕ್ಕೂ ಬೀಗ ಜಡಿದು
ಕ್ರೋನ ಎಣಿಸು ಅಂದರೂ
ಟೇಪಿಗೆ ಕೈಹಾಕಲು ಅವನು ವ್ಯಾನಿಗೆ ಕಾಯಬೇಕು.

ದಿನಾ ಬೆಳಗ್ಗೆ ಪರದೆಯ ಮೇಲೆ ಹಸಿರು ಗುರುತು.
ನೋಡುತ್ತ ಕಾಫಿ ಕುಡಿದೆ,
ಒಂದು ಬೇಸಿಗೆ ಪೂರಾ.

ನವೆಂಬರಿನ ಒಂದು ಮಂಗಳವಾರ.
ಬಿರುಗಾಳಿಯಿಲ್ಲ, ಬೆಂಕಿಯಿಲ್ಲ, ಸುಮ್ಮನೆ,
ಮೂಲೆಯ ಹಳೇ ಯಂತ್ರಕ್ಕೆ ಟೇಪಿನಿಂದ ಎಲ್ಲವನ್ನೂ
ಮರಳಿ ತುಂಬಿ ನೋಡೋಣವೆಂದು ಕೂತೆ.
ಟೇಪು ತಿರುಗಿತು. ತಿರುಗುತ್ತಲೇ ಇತ್ತು.
ಒಳಗೆ ಏನೂ ಇಲ್ಲ.
ಸೆಪ್ಟೆಂಬರಿನಲ್ಲಿ ಡಿಸ್ಕಿನ ಹೆಸರು ಬದಲಿಸಿದ್ದೆ,
ನಾನೇ, ನನ್ನ ಇದೇ ಕೈ.
ಅಲ್ಲಿಂದ ಏಳು ಶುಕ್ರವಾರ
ಯಂತ್ರ ಖಾಲಿ ಕಪಾಟನ್ನೇ ನಿಷ್ಠೆಯಿಂದ ನಕಲು ಮಾಡಿ
ಹಸಿರು ಗೀಚಿತ್ತು.
ಎಯ್ದುನ್ ಟವೆಲಿನಲ್ಲಿ ಸುತ್ತಿ
ಪಕ್ಕದ ಸೀಟಿನಲ್ಲಿ ಕೂರಿಸಿ, ಬೆಲ್ಟು ಬಿಗಿದು,
ಏಳು ಸಲ ಸಮುದ್ರದ ಕೆಳಗೆ
ಬರಿದನ್ನು ಜೋಪಾನವಾಗಿ ಸಾಗಿಸಿದ್ದ.

ಟ್ರೋಂಡುರನಿಗೆ ಹೇಳಿದೆ.
"ಈಗ ಏನಾದರೂ ಕಳೆದಿದೆಯಾ?"
"ಇಲ್ಲ."
ಕಿಟಕಿಯತ್ತ ತಿರುಗಿ ತುಂಬ ಹೊತ್ತು ನಿಂತ.
"ಎಯ್ದುನನಿಗೆ ಹೇಳಬೇಡ" ಅಂದ.

ಈಗ ತಿಂಗಳ ಮೊದಲ ಮಂಗಳವಾರ
ತೂಕದ ಹಾನುಸ್ ಮೇಲಟ್ಟ ಹತ್ತಿ ಬರುತ್ತಾನೆ.
ಮೂವತ್ತೊಂಬತ್ತು ವರ್ಷದಿಂದ ಕಾರ್ಬನ್ ಇಟ್ಟು
ಪುಸ್ತಕದಲ್ಲಿ ಬರೆಯುವವನು.
"ನಿನ್ನ ಯಂತ್ರದ ಮೇಲೆ ಅನುಮಾನವಿಲ್ಲ, ಅಭ್ಯಾಸ"
ಎಂದಿದ್ದ ಒಮ್ಮೆ.
ಮನಸ್ಸಿಗೆ ಬಂದ ಪುಟ ತೆರೆದು ಅವನು ಓದುತ್ತಾನೆ,
ಮರಳಿ ತುಂಬಿದ ಪ್ರತಿಯಲ್ಲಿ ನಾನು ಹುಡುಕುತ್ತೇನೆ.
"ಹ್ಯಾಡಕ್, ನಲವತ್ತು ಕಿಲೋ."
"ಇದೆ."
"ಕಾಡ್, ಐವತ್ತೊಂದು."
"ಇದೆ."
"ಹ್ಯಾಡಕ್, ಮೂವತ್ತೆರಡು."
ಇಲ್ಲಿ ಇಪ್ಪತ್ತಮೂರು.
ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.
ಹಾನುಸ್ ಪೆನ್ಸಿಲಿನ ತುದಿ ನೆಕ್ಕಿ,
"ಅವತ್ತು ಕೈ ಮರಗಟ್ಟಿತ್ತು" ಅಂದ.
ಅಳಿಸಲಿಲ್ಲ.
ಪಕ್ಕದಲ್ಲಿ ಸಣ್ಣದಾಗಿ
ಇಪ್ಪತ್ತಮೂರು ಎಂದು ಬರೆದ.